ಹಸಿ ಗೂಟ

ಗೂಟ ಹಸಿಯಾಗಿತ್ತು. ಬಡಗಿ ಅದನ್ನು ಕೆನ್ನೆಗೆ ಒತ್ತಿ ನೋಡಿದ. ತಣ್ಣಗಿತ್ತು. ಬೇರೆ ಯಾರಾದರೂ ಇಂಥದ್ದನ್ನು ತಂದುಕೊಟ್ಟಿದ್ದರೆ ಅವರ ಜನ್ಮ ಜಾಲಾಡುತ್ತಿದ್ದ. ಇವತ್ತು ಮಾತ್ರ ಸುಮ್ಮನೆ ತೂತಿಗಿಟ್ಟು ಕೊಡತಿ ಎತ್ತಿದ.

ಕೆಲಸ ಮಗಳ ಮನೆಯ ಬಾಲ್ಕನಿಯದು. ಹಳೆಯ ಕಟಕಟೆ ಅಲ್ಲಾಡುತ್ತದೆ, ಹೊಸದು ಮಾಡಿಕೊಡು ಎಂದು ಅವಳೇ ಕರೆಸಿದ್ದಳು. ಕಟಕಟೆಯ ಕಂಬಗಳ ಬುಡದಲ್ಲಿ ಒಂದೊಂದು ನಾಲಿಗೆ. ಅದು ಕೆಳಗಿನ ತೊಲೆಯ ತೂತಿನಲ್ಲಿ ಕೂರಬೇಕು, ಅಡ್ಡಲಾಗಿ ಹೊಡೆದ ಗೂಟ ಎರಡನ್ನೂ ಹಿಡಿದಿಡಬೇಕು. ಗೂಟ ಚೆನ್ನಾಗಿ ಒಣಗಿರಬೇಕು ಎನ್ನುವುದು ಈ ಕಸುಬಿನ ಮೊದಲ ಪಾಠ. ಹಸಿ ಗೂಟವೂ ಹೊಡೆದ ದಿನ ಬಿಗಿಯಾಗಿಯೇ ಇರುತ್ತದೆ. ಬೇಸಿಗೆ ಬಂತೆಂದರೆ ಒಳಗೊಳಗೇ ಸಣ್ಣಗಾಗಿ ಕಳಚಿಕೊಳ್ಳುತ್ತದೆ. ಆಮೇಲೆ ಕಟಕಟೆಗೆ ಒರಗಿದವನು ನೇರ ಕೆಳಗಿನ ಕಲ್ಲುಹಾಸಿಗೆ.

ದಿನಾ ಸಂಜೆ ಅಲ್ಲಿ ಒರಗಿ ಕೂರುತ್ತಿದ್ದವನು ಅಳಿಯ.

ಅಳಿಯ ಮನೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುವವನು. ಕರೆದರೆ ಓ ಎನ್ನಲೂ ಲೆಕ್ಕ ಹಾಕುವಷ್ಟು ಮಾತು ಕಡಿಮೆ. ಬಾಗಿಲು ಬಡಿದುಕೊಂಡರೂ ಬೆಚ್ಚಿ ಬೀಳುವವನು, ಮಾವನಿಗೆ ಮುಖ ಕೊಟ್ಟು ಮಾತಾಡಿದ್ದೇ ಇಲ್ಲ. ಒಳಗೆ ಏನೋ ಇಟ್ಟುಕೊಂಡವರೇ ಹೀಗಿರುವುದು ಎಂದು ಬಡಗಿಗೆ ಮದುವೆಯ ದಿನವೇ ಅನಿಸಿತ್ತು. ಮಗಳ ಮುಖ ನೋಡಿ ನುಂಗಿಕೊಂಡಿದ್ದ.

ಈ ಸಲ ಬಂದಾಗ ಮಗಳ ಬಲಗೈ ಗೆಣ್ಣುಗಳು ಊದಿಕೊಂಡಿದ್ದವು.

“ಏನಾಯ್ತಮ್ಮ?”

“ಬಾಗಿಲ ಸಂದಿಗೆ ಸಿಕ್ತಪ್ಪ, ಬಿಡು.”

ಬಡಗಿ ಮಧ್ಯಾಹ್ನ ಉಂಡು ಕೆಳಗಿನ ಕೋಣೆಯಲ್ಲಿ ಅಡ್ಡಾಗಿದ್ದಾಗ ಮೇಲಿನಿಂದ ದಬ್ಬೆಂದು ಸದ್ದು ಬಂತು. ಹಿಂದೆಯೇ ಹಲ್ಲು ಕಚ್ಚಿ ತಡೆದುಕೊಂಡ ನರಳಾಟ. ಅವನು ಮೆಟ್ಟಿಲು ಹತ್ತಿ ಹೋದಾಗ ಮಗಳು ಕೂದಲು ಕೆದರಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು. ಅಳಿಯ ಗೋಡೆಗೆ ಮುಖ ಮಾಡಿಕೊಂಡಿದ್ದ.

“ಸ್ಟೂಲ್ ಬಿತ್ತು,” ಎಂದಳು ಮಗಳು.

ತಾಯಿಯಿಲ್ಲದೆ, ಅಪ್ಪ ಕೆಲಸ ಮಾಡುವ ಕೊಟ್ಟಿಗೆಯ ಮರದ ಹೊಟ್ಟಿನಲ್ಲೇ ಆಡಿ ಬೆಳೆದವಳು. ಹಸಿ ಮರ ಯಾವುದು, ಒಣ ಮರ ಯಾವುದು ಎಂದು ಕೊಡತಿಯ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಇವಳದು ನನ್ನದೇ ಕೈ ಎಂದು ಅವನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದ. ಅಂಥವಳ ಮೇಲೆ ಈ ಗುಮ್ಮನಗುಸುಕ ಕೈ ಮಾಡುವುದೆ? ಬಡಗಿ ಅಂದು ಸಂಜೆಯೇ ಹಿತ್ತಿಲ ಮರದ ಕೊಂಬೆಯೊಂದನ್ನು ಕಡಿದು ಗೂಟ ಕೆತ್ತಿದ. ಕಂಬಗಳ ನಾಲಿಗೆಯನ್ನೂ ಅಷ್ಟಷ್ಟು ಮೊಟಕು ಮಾಡಿದ.

ಈಗ ಕೊನೆಯ ಗೂಟವೂ ಒಳಗೆ ಹೋಯಿತು.

“ಭದ್ರವಾಗಿದ್ಯಾ ಅಪ್ಪ?” ಮಗಳು ಕೆಳಗಿನಿಂದಲೇ ಕೇಳಿದಳು.

“ನಿನ್ನ ಗಂಡನಿಗೆ ಬೇಕಾದಷ್ಟಿದೆ.”

ಅವಳು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ ಎಂದು ಬಡಗಿಗೆ ಸಂಕಟವಾಯಿತು.

ಊರಿಗೆ ಹೋಗುವಾಗ ಅದೇ ಕೊಂಬೆಯ ಇನ್ನೊಂದು ಗೂಟವನ್ನು ಜೊತೆಗೊಯ್ದ. ಕೊಟ್ಟಿಗೆಯಲ್ಲಿ ಒಂದು ತುಂಡು ತೊಲೆಗೆ ತೂತು ಕೊರೆದು ಹೊಡೆದಿಟ್ಟ. ಬಿಸಿಲು ಏರುತ್ತ ಹೋಯಿತು. ಬೆಳಗಾದರೆ ಎದ್ದು ಅದನ್ನು ಬೆರಳಿನಿಂದ ಅಲುಗಿಸಿ ನೋಡುವುದೇ ಅವನ ಮೊದಲ ಕೆಲಸ. ಮೊದಮೊದಲು ಮಿಸುಕಲಿಲ್ಲ. ಆಮೇಲೆ ಸ್ವಲ್ಪ ತಿರುಗಿತು. ಒಂದು ಬೆಳಿಗ್ಗೆ ನೋಡಿದರೆ ತಾನಾಗಿ ನೆಲಕ್ಕೆ ಬಿದ್ದಿತ್ತು.

ಇದೇ ದಿನಕ್ಕೆ ಕಾದಿದ್ದ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಸಿಟ್ಟಿನ ಭರದಲ್ಲಿ ಹೊಳೆಯದೇ ಹೋದದ್ದು ಆಗ ಹೊಳೆಯಿತು. ಮಗಳು ಬಟ್ಟೆ ಒಣಹಾಕುವುದೂ ಅದೇ ಕಟಕಟೆಯ ಮೇಲೆ.

ಒಣ ಗೂಟಗಳನ್ನು ಚೀಲಕ್ಕೆ ತುಂಬಿ ಸಿಕ್ಕಿದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಗಳು ಬಗ್ಗಿ ಸೀರೆ ಕೊಡವುವುದೇ ಕಣ್ಣಿಗೆ ಕಟ್ಟಿತು. ಎಂಥ ಮೂರ್ಖ ನಾನು ಎಂದು ತನ್ನನ್ನೇ ಬೈದುಕೊಂಡ.

ಬಾಗಿಲು ತೆರೆದವನು ಅಳಿಯ.

“ಅವಳೆಲ್ಲಿ?”

“ಪೇಟೆಗೆ ಹೋಗಿದಾಳೆ ಮಾವ. ಇನ್ನೇನು ಬರ್ತಾಳೆ.”

ಬಡಗಿಗೆ ಹೋದ ಜೀವ ಬಂತು. ಮೇಲೆ ಓಡಿದ. ಗೂಟಗಳು ಇನ್ನೇನು ಕಳಚಿಕೊಳ್ಳುವಂತೆ ತಿರುಗುತ್ತಿದ್ದವು. ಒಂದೊಂದನ್ನೇ ಕಿತ್ತು ಒಣ ಗೂಟ ಹೊಡೆಯತೊಡಗಿದ. ನಾಲಿಗೆ ಮೊಟಕಾಗಿದ್ದರೂ ಸದ್ಯಕ್ಕೆ ಹಿಡಿದೀತು. ಅಳಿಯ ಹೇಳಿಸಿಕೊಳ್ಳದೆ ಬಂದು ಕಂಬ ಹಿಡಿದುಕೊಂಡ.

“ಹಸಿ ಗೂಟ ಹೊಡೆದುಬಿಟ್ಟಿದ್ದೆ,” ಎಂದ ಬಡಗಿ ತಲೆಯೆತ್ತದೆ. “ಬಟ್ಟೆ ಹಾಕೋವಾಗ ಅವಳು ಬಿದ್ದಿದ್ರೆ ಏನು ಗತಿ?”

“ಬೇಸಿಗೆ ಶುರುವಾದ ಮೇಲೆ ಅವಳು ಈ ಕಡೆ ಕಾಲೇ ಇಟ್ಟಿಲ್ಲ ಮಾವ. ಬಟ್ಟೆ ಎಲ್ಲ ಹಿತ್ತಿಲಲ್ಲಿ ಹಾಕ್ತಾಳೆ. ನನಗೆ ಮಾತ್ರ ದಿನಾ ಹೇಳ್ತಾಳೆ, ಅಲ್ಲೇ ಒರಗಿ ಕೂತ್ಕೊಳ್ಳಿ, ಗಾಳಿ ಬರುತ್ತೆ ಅಂತ.”

ಎತ್ತಿದ ಕೊಡತಿ ಹಾಗೇ ನಿಂತಿತು. ಹಾಗಾದರೆ ಕೊಡತಿಯ ಸದ್ದಿನಲ್ಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಕಾದಿದ್ದಾಳೆ. ನನ್ನ ಕೂಸು ಇನ್ನೆಂಥ ನರಕ ಕಂಡಿರಬೇಕು ಎಂದುಕೊಂಡಾಗ ಅವನ ಕಣ್ಣು ತುಂಬಿತು.

“ಅವಳು ಬರಲಿ. ಇವತ್ತೇ ನಮ್ಮನೆಗೆ ಕರ್ಕೊಂಡು ಹೋಗ್ತೀನಿ,” ಎಂದ. “ನೀನು ಅಡ್ಡ ಬಂದ್ರೆ ನೋಡು.”

ಅಳಿಯ ಕಂಬ ಬಿಟ್ಟ. ಬಗ್ಗಿ ಬೀದಿಯ ಕಡೆ ಒಮ್ಮೆ ನೋಡಿದ. ಆಮೇಲೆ ಅಂಗಿಯ ತೋಳನ್ನು ಮೊಣಕೈಯವರೆಗೆ ಸರಿಸಿ ಮಾವನ ಮುಂದೆ ಚಾಚಿದ. ಕೈ ತುಂಬ ಬಾಸುಂಡೆಗಳಿದ್ದವು, ಹಳೆಯವುಗಳ ಮೇಲೆ ಹೊಸವು.

“ಅವಳನ್ನಲ್ಲ ಮಾವ, ನನ್ನನ್ನ ಕರ್ಕೊಂಡು ಹೋಗಿ,” ಎಂದು ಪಿಸುಗುಟ್ಟಿದ. “ಅವಳು ಬರೋದರೊಳಗೆ.”