ಗಡಿಯಾರ ಮುಂದೋಡಿದ ಸೋಮವಾರ

‘ನಿಲ್ಲಿ’ ಫಲಕ ಹಿಡಿದು ವೆಂಡೆಲ್ ಕತ್ತಲಲ್ಲಿ ಓಡುತ್ತಿದ್ದ. ಅಮೆರಿಕದ ಒಹಾಯೊದ ಆ ಪುಟ್ಟ ಊರಿನಲ್ಲಿ ಶಾಲೆಯ ಮಕ್ಕಳನ್ನು ಹೆದ್ದಾರಿ ದಾಟಿಸುವುದು ಅವನ ಕೆಲಸ. ಹದಿನಾರು ವರ್ಷದಲ್ಲಿ ಒಂದು ದಿನವೂ ತಡವಾಗಿರಲಿಲ್ಲ. ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಅಲ್ಲಿ ಪ್ರತಿ ಮಾರ್ಚ್‌ನಲ್ಲಿ ಮಾಡುವಂತೆ, ನಿನ್ನೆ ಭಾನುವಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಎಪ್ಪತ್ತು ದಾಟಿದ ಅವನ ನಿದ್ದೆ ಮಾತ್ರ ಹಿಂದೆಯೇ ಉಳಿದಿತ್ತು. ಶುಕ್ರವಾರ ಇದೇ ಏಳು ಗಂಟೆಗೆ ಬೆಳಕು ಹರಿದಿತ್ತು. ಇವತ್ತು ರಸ್ತೆಯೇ ಕಾಣುತ್ತಿರಲಿಲ್ಲ.

ತಿರುವಿನಾಚೆ ಬ್ರೇಕ್ ಕಿರುಚಿತು.

ಲಾರಿಯೊಂದು ಅಡ್ಡಡ್ಡ ನಿಂತಿತ್ತು. ಅದರ ಬೆಳಕಿನಲ್ಲಿ, ರಸ್ತೆಯ ಅಂಚಿನಲ್ಲೇ, ಐದು ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಡುಗುತ್ತಿದ್ದರು.

“ಎಲ್ಲೋಗಿದ್ದೆ ತಾತಾ?” ಎಂಟು ವರ್ಷದ ಟೆಸ್ಸಾ ಅಳುತ್ತ ಕೇಳಿದಳು. “ಈ ಡೀನ್ ರಸ್ತೆಗೆ ಕಾಲಿಟ್ಟೇಬಿಟ್ಟಿದ್ದ. ನಾನು ಅವನ ಬ್ಯಾಗ್ ಹಿಡಿದು ಎಳ್ಕೊಂಡೆ.”

ವೆಂಡೆಲ್ ಫಲಕ ಎತ್ತಿ ಹಿಡಿದ. ಐವರನ್ನೂ ದಾಟಿಸಿದ.

ಗಡಿಯಾರ ಬದಲಿಸುವ ಪದ್ಧತಿ ನಿಲ್ಲಿಸಬೇಕೇ ಎಂದು ಶಾಸಕರ ಕಚೇರಿಯವರು ಜನರನ್ನು ಕೇಳುತ್ತಿದ್ದರು. ಕಚೇರಿಯ ಬಾಗಿಲು ತೆರೆಯುತ್ತಲೇ ವೆಂಡೆಲ್ ಅಲ್ಲಿಗೆ ಹೋಗಿ ನಿಂತ.

“ನಿಲ್ಲಿಸ್ಬೇಕು ಅಂತೀರಾ? ಕಾರಣ ಏನು ಬರ್ಕೊಳ್ಲಿ ಸರ್?” ಎಂದಳು ಅಲ್ಲಿದ್ದ ಹುಡುಗಿ.

“ಮಕ್ಕಳನ್ನ ದಾಟಿಸೋನು ಹನ್ನೊಂದು ನಿಮಿಷ ತಡವಾಗಿ ಬಂದ ಅಂತ ಬರ್ಕೊಳ್ಳಮ್ಮ.”

ಅವಳು ಪೆನ್ನು ತಡೆದು ಅವನ ಕೈಯಲ್ಲಿದ್ದ ಫಲಕವನ್ನೂ ಮುಖವನ್ನೂ ನೋಡಿದಳು. “ಹೆಸರು ಬೇಡ ಬಿಡಿ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ.”

“ಹೆಸರು ಹಾಕಮ್ಮ,” ಎಂದ ವೆಂಡೆಲ್.