ಮೂರನೇ ಬಸ್ಸು

ಕಿರಿದಾದ ರಸ್ತೆಯ ತಿರುವಿನಲ್ಲಿ ಬಸ್ಸು ಎದುರಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬೆಟ್ಟಗಳ ನಡುವೆ ಚಾಚಿದ ಕಡಲತೋಳಿನ, ಫ್ಯೋರ್ಡಿನ ನೀರು. ದಾರಿ ಬಿಟ್ಟುಕೊಡುವ ಜಾಗ ಓಡ್ವಾರನ ಕಾರಿನ ಹಿಂದೆಯೇ ಇದ್ದುದರಿಂದ, ಕಾರಿಗೆ ಕಟ್ಟಿದ ಗಾಲಿಮನೆ ಕ್ಯಾರವಾನ್ ಸಮೇತ ಅವನೇ ಹಿಂದಕ್ಕೆ ಹೋಗಬೇಕಿತ್ತು.

ಫೆರಿ ತಪ್ಪಿದ್ದಕ್ಕೆ ಬೆಳಿಗ್ಗೆ ಜಗಳವಾಡಿ, "ಮೊದಲು ಸಿಕ್ಕ ಬಸ್ಸು ಹತ್ತಿ ಮನೆಗೆ ಹೋಗ್ತೀನಿ" ಎಂದಿದ್ದ ಹೆಂಡತಿ ಸಿಗ್ರುನ್ ಚೀಲ ಹೆಗಲಿಗೇರಿಸಿ ಇಳಿದಳು. ಆದರೆ ಕ್ಯಾರವಾನಿನ ಹಿಂದಕ್ಕೆ ನಡೆದು ಕೈ ಎತ್ತಿದಳು. ಓಡ್ವಾರ್ ಬೆವರುತ್ತ, ಕನ್ನಡಿಯಲ್ಲಿ ಕಾಣುವ ಆ ಕೈಯನ್ನೇ ನಂಬಿ ಇಂಚಿಂಚಾಗಿ ಸರಿದ. ಆ ಜಾಗಕ್ಕೆ ಸೇರಿ ಚಕ್ರ ನೀರಿನಂಚಿಗೆ ಬಂದಾಗ ಅವಳ ಅಂಗೈ ತಡೆಯಿತು. ಅವನು ನಿಂತ.

ಬಸ್ಸು ಮುಂದೆ ಬಂದು ಅವಳ ಪಕ್ಕದಲ್ಲೇ ಬಾಗಿಲು ತೆರೆಯಿತು. "ಬರ್ತೀರಾ?" ಎಂದ ಡ್ರೈವರ್.

"ಇವತ್ತು ಇನ್ನೆಷ್ಟು ಬಸ್ಸು ಎದುರು ಬರುತ್ತೆ?"

"ಇನ್ನು ಎರಡೇ."

"ಹಾಗಾದ್ರೆ ಅವೆರಡೂ ಹೋದ ಮೇಲೆ ಬರೋ ಮೂರನೇದಕ್ಕೆ ಬರ್ತೀನಿ" ಎಂದು ಸಿಗ್ರುನ್ ಚೀಲವನ್ನು ಕಾರಿನೊಳಗೆ ಎಸೆದಳು.