ನೇರಳೆಯ ಕಾಲ

ಟಿಬೆಟ್ಟಿನಿಂದ ಓಡಿಬಂದವರಿಗೆ ಕಾಡು ಕಡಿದ ಜಾಗದಲ್ಲಿ ಜಮೀನು ಹಂಚುವ ದಿನ ಅದು. ನೇರಳೆ ಹಣ್ಣು ಚಪ್ಪರಿಸುತ್ತ ಬಂದ ಅಮಲ್ದಾರರನ್ನು ಕಂಡದ್ದೇ ಕಾಯುತ್ತ ಕೂತಿದ್ದ ಒಬ್ಬ ಮುದುಕ ಎದ್ದು ನಿಂತು ಉದ್ದಕ್ಕೆ ನಾಲಿಗೆ ಚಾಚಿದ.

"ಏನಯ್ಯಾ, ನನ್ನನ್ನೇ ಅಣಕಿಸ್ತೀಯಾ?" ಅಮಲ್ದಾರರು ಜಮೀನಿನ ಕಾಗದವನ್ನು ಮತ್ತೆ ಚೀಲಕ್ಕೆ ತುರುಕಿದರು.

ಸಂತೆಯಲ್ಲಿ ಕನ್ನಡ ಕಲಿತಿದ್ದ ಅವನ ಮಗಳು ಮುಂದೆ ಬಂದಳು. "ತಪ್ಪು ತಿಳೀಬೇಡಿ ಬುದ್ಧಿ, ನಮ್ಮಲ್ಲಿ ಅದೇ ನಮಸ್ಕಾರ. ಹಿಂದೆ ಒಬ್ಬ ಪಾಪಿ ರಾಜ ಇದ್ದ, ಅವನ ನಾಲಿಗೆ ಕಪ್ಪು. ಅವನು ಮತ್ತೆ ಹುಟ್ಟಿ ಬರ್ತಾನಂತೆ, ಅವನು ನಾವಲ್ಲ ಅಂತ ತೋರಿಸ್ತೀವಿ."

ಅಮಲ್ದಾರರು ಮುದುಕನನ್ನೇ ದಿಟ್ಟಿಸಿದರು. ಮೀಸೆಯಡಿ ನಗು ಮೂಡಿತು. ಕಾಗದವನ್ನು ಅವನ ಕೈಗಿಟ್ಟು, "ತಗೋ, ನಂದೂ ಒಂದು ನಮಸ್ಕಾರ" ಎಂದು ತಾವೂ ನಾಲಿಗೆ ಚಾಚಿದರು.

ಮುದುಕನ ಕೈಯಿಂದ ಕಾಗದ ಜಾರಿತು. "ಗಂಟು ಕಟ್ಟು ಮಗಳೇ, ಅವನು ಇಲ್ಲೂ ಇದ್ದಾನೆ."